ಓಪನ್‌ಬಿಎಂಸಿಗೆ ಮೊದಲ ಪ್ಯಾಚ್: ಕೋಡ್ 6 ಸಾಲು, ಕಾಮೆಂಟ್ 11. ಇಷ್ಟೊಂದು ನಿಯಮ ಬೇಕಾ?

ಹೊನ್ನಾವರ_ಹುಡುಗಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸರ್ವರ್ ಫರ್ಮ್‌ವೇರ್ ಕೆಲಸ ಮಾಡುತ್ತೇನೆ. ಎರಡು ವರ್ಷ ಕಂಪನಿ ಒಳಗಿನ ಕೋಡ್ ಮಾತ್ರ ಬರೆದಿದ್ದೆ. ಹೋದ ವಾರ ಮೊದಲ ಸಲ ಓಪನ್‌ಬಿಎಂಸಿಯ ಮೂಲ ಪ್ರಾಜೆಕ್ಟ್‌ಗೇ ಒಂದು ಪ್ಯಾಚ್ (ಕೋಡಿಗೆ ತಿದ್ದುಪಡಿ) ಕಳಿಸಿದೆ.

ಗೊತ್ತಿಲ್ಲದವರಿಗೆ: ಸರ್ವರ್ ಬೋರ್ಡ್ ಮೇಲೆ ಬಿಎಂಸಿ ಅಂತ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಸರ್ವರ್ ಆಫ್ ಆಗಿದ್ದರೂ ಅದು ಎಚ್ಚರವಾಗಿರುತ್ತದೆ. ಫ್ಯಾನ್, ಬಿಸಿ, ಪವರ್ ಸಪ್ಲೈ ನೋಡಿಕೊಳ್ಳುವುದು, ದೂರದಿಂದ ಸರ್ವರ್ ಆನ್ ಆಫ್ ಮಾಡುವುದು ಅದರ ಕೆಲಸ. ಅದರಲ್ಲಿ ಓಡುವ ಲಿನಕ್ಸ್ ಆಧಾರಿತ ಓಪನ್ ಸೋರ್ಸ್ ಫರ್ಮ್‌ವೇರ್ ಈ ಓಪನ್‌ಬಿಎಂಸಿ.

ನನ್ನ ಪ್ಯಾಚ್ ಪವರ್ ಸಪ್ಲೈ ಸೆನ್ಸರ್ ಓದುವ ಜಾಗದ್ದು. ನಮ್ಮ ಬೋರ್ಡ್‌ನಲ್ಲಿ ಆಗಾಗ ಒಂದು ಓದು ತಪ್ಪುತ್ತಿತ್ತು, ತಕ್ಷಣ ಸುಳ್ಳು ಅಲಾರಂ ಬರುತ್ತಿತ್ತು. ಆರು ಸಾಲಿನಲ್ಲಿ ಸರಿಮಾಡಿದೆ. ಓದು ತಪ್ಪಿದರೆ ಆ ಸುತ್ತು ಬಿಟ್ಟು ಮುಂದೆ ಹೋಗು, ಅಷ್ಟೇ.

ರಿವ್ಯೂ ಮಾಡಿದವರಿಂದ ಕಾಮೆಂಟ್ ಬಂದಿದ್ದು ಹನ್ನೊಂದು. ನಾಲ್ಕು ಬರೀ ಬ್ರಾಕೆಟ್, ಸ್ಪೇಸ್ ಬಗ್ಗೆ. ಕಮಿಟ್ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಶೀರ್ಷಿಕೆ ಉದ್ದವಾಯಿತು ಅಂತ ಒಂದು. ಸೈನ್ಡ್-ಆಫ್ ಸಾಲು, ಅಂದರೆ ಕಳಿಸಿದವರ ಸಹಿ, ಇಲ್ಲ ಅಂತ ಒಂದು. ಲಾಗ್ ಮೆಸೇಜ್ ಬರೆದ ರೀತಿ ಸರಿಯಿಲ್ಲ ಅಂತ ಒಂದು. ನಾನು ಬರೆದ ಕೋಡ್ ಕಾಮೆಂಟ್ ಬೇಡ ಅಂತ ಒಂದು. ಲ್ಯಾಂಬ್ಡಾದಲ್ಲಿ (ಹೆಸರಿಲ್ಲದ ಪುಟ್ಟ ಫಂಕ್ಷನ್) ಎಲ್ಲವನ್ನೂ ನಕಲು ಮಾಡದೆ ರೆಫರೆನ್ಸ್ ಮೂಲಕ ಹಿಡಿದಿದ್ದು ತಪ್ಪು ಅಂತ ಒಂದು. 'ಟೆಸ್ಟೆಡ್' ಅನ್ನುವ ಜಾಗದಲ್ಲಿ 'ಟೆಸ್ಟ್ ಮಾಡಿದೆ, ಸರಿ ಇದೆ' ಎಂದಿದ್ದೆ, ಅದು ಸಾಲದು ಅಂತ ಒಂದು. ಕೊನೆಯದು: 'ಈ ಬದಲಾವಣೆ ಯಾಕೆ?'

ಯಾರೂ ಒರಟಾಗಿ ಬರೆಯಲಿಲ್ಲ, ಅದನ್ನು ಹೇಳಲೇಬೇಕು. ಆದರೆ ನನ್ನ ಪ್ರಶ್ನೆ ಇದು. ಬಗ್ ಸರಿಮಾಡಲು ಒಂದು ಮಧ್ಯಾಹ್ನ ಸಾಕಾಯಿತು, ನಿಯಮ ಓದಲು ಮೂರು ದಿನ. ಹೊಸಬರಿಗೆ ಇದು ದಾಟಲಾಗದ ಬೇಲಿ ಆಗುವುದಿಲ್ಲವಾ? ಮತ್ತೆ ಇಷ್ಟೆಲ್ಲ ಡಾಕ್ಯುಮೆಂಟೇಶನ್ ಇದ್ದರೂ ನನಗೆ ಬೇಕಾದ ಒಂದು ಮಾತು, ಅಂದರೆ ಓದು ತಪ್ಪಿದಾಗ ಸೆನ್ಸರ್ ಏನು ತೋರಿಸಬೇಕು ಅನ್ನುವುದು, ಎಲ್ಲಿ ಹುಡುಕಬೇಕು ಅಂತಲೇ ತಿಳಿಯಲಿಲ್ಲ.

ಬಿಟ್‌ಬೇಕ್_ಭಟ್
ನಾಲ್ಕು ಸ್ಪೇಸ್ ಕಾಮೆಂಟ್ ಕೈಯಿಂದ ಸರಿಮಾಡಬೇಡಿ. ಬಿಲ್ಡ್ ಸ್ಕ್ರಿಪ್ಟ್‌ಗಳ ರೆಪೊದಲ್ಲಿ (ಕೋಡ್ ಇಡುವ ಜಾಗ) ಫಾರ್ಮ್ಯಾಟ್ ಮಾಡುವ ಸ್ಕ್ರಿಪ್ಟ್ ಇದೆ. ಅದನ್ನು ಓಡಿಸಿ. ಸಿ++ ಫೈಲ್‌ಗೆ ಕ್ಲ್ಯಾಂಗ್-ಫಾರ್ಮ್ಯಾಟ್, ಮಾರ್ಕ್‌ಡೌನ್‌ಗೆ ಪ್ರಿಟಿಯರ್, ಎಲ್ಲ ಅದೇ ಓಡಿಸುತ್ತದೆ. ಪುಶ್ ಮಾಡುವ ಮೊದಲು ಒಂದು ಸಲ ಓಡಿಸಿದ್ದರೆ ಆ ನಾಲ್ಕು ಬರುತ್ತಲೇ ಇರಲಿಲ್ಲ.

ಹೊನ್ನಾವರ_ಹುಡುಗಿ
ಓಡಿಸಿರಲಿಲ್ಲ. ನಮ್ಮ ಕಂಪನಿಯ ಫಾರ್ಮ್ಯಾಟ್ ಫೈಲ್ ಎಡಿಟರ್‌ನಲ್ಲಿ ಕೂತಿತ್ತು, ಅದು ಬ್ರೇಸ್ (ಹೂಬ್ರಾಕೆಟ್) ಅನ್ನು ಅದೇ ಸಾಲಿನ ಕೊನೆಗೆ ಎಳೆದು ಹಾಕಿಬಿಟ್ಟಿದೆ.

ಟ್ಯಾಬ್_ಎಂಟು
ಬ್ರೇಸ್ ಅದೇ ಸಾಲಿನ ಕೊನೆಗೆ ಇರುವುದೇ ಸರಿ 🙂 ಲಿನಕ್ಸ್ ಕರ್ನಲ್‌ನಲ್ಲಿ ಹಾಗೇ ಬರೆಯುತ್ತೇವೆ, ಎಂಟು ಅಗಲದ ಟ್ಯಾಬ್. ಓಪನ್‌ಬಿಎಂಸಿಯ ಸಿ++ನಲ್ಲಿ ನಾಲ್ಕು ಸ್ಪೇಸ್, ಬ್ರೇಸ್‌ಗೆ ಬೇರೆ ಸಾಲು. ಒಂದೇ ದಿನ ಡ್ರೈವರ್‌ನಲ್ಲೂ ಕೆಲಸ, ಡೀಮನ್‌ನಲ್ಲೂ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಕೆಲಸ ಇದ್ದರೆ ತಲೆ ತಿರುಗುತ್ತದೆ.

ಸಾಲಿಗೆ 80 ಅಕ್ಷರದ ಮಿತಿ ನನಗೆ ಇನ್ನೂ ಒಪ್ಪಿಗೆಯಿಲ್ಲ. ಕರ್ನಲ್‌ನವರೇ 2020ರಲ್ಲಿ ಚೆಕ್‌ಪ್ಯಾಚ್ ಅನ್ನುವ ಸ್ಟೈಲ್ ಪರೀಕ್ಷೆ ಸ್ಕ್ರಿಪ್ಟ್‌ನ ಎಚ್ಚರಿಕೆಯನ್ನು 80ರಿಂದ 100ಕ್ಕೆ ಏರಿಸಿದರು. ಇಲ್ಲಿ ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಹೆಸರು ಬರೆದರೇ ಅರ್ಧ ಸಾಲು ಮುಗಿಯುತ್ತದೆ. ಎಕ್ಸ್‌ವೈಝಡ್ ಡಾಟ್ ಓಪನ್‌ಬಿಎಂಸಿ ಅಂಡರ್‌ಸ್ಕೋರ್ ಪ್ರಾಜೆಕ್ಟ್ ಡಾಟ್ ಸೆನ್ಸರ್ ಡಾಟ್ ವ್ಯಾಲ್ಯೂ. ಇದಾದ ಮೇಲೆ ಉಳಿದಿದ್ದಕ್ಕೆ ಜಾಗ ಎಲ್ಲಿ?

ಮೂರನೇ_ವರ್ಷ_ಇಸಿ
ಆ ಎಕ್ಸ್‌ವೈಝಡ್ ಯಾಕೆ ಅಂತ ಯಾರಾದರೂ ಹೇಳ್ತೀರಾ? ನಾನು ಅದನ್ನು ನಮ್ಮ ಹೆಸರು ತುಂಬಿಸಬೇಕಾದ ಖಾಲಿ ಜಾಗ ಅಂದುಕೊಂಡಿದ್ದೆ.

ಹಳೇ_ಐಪಿಎಂಐ
ಖಾಲಿ ಜಾಗ ಅಲ್ಲ ಮಗಾ. ಡಿ-ಬಸ್ ಹೆಸರುಗಳನ್ನು ವೆಬ್ ವಿಳಾಸ ತಿರುಗಿಸಿ ಬರೆಯುವುದು ರೂಢಿ. ಆಗ ಪ್ರಾಜೆಕ್ಟಿನ ವಿಳಾಸ ಡಾಟ್ ಎಕ್ಸ್‌ವೈಝಡ್ ಅಂತ ಕೊನೆಯಾಗುತ್ತಿತ್ತು. ವಿಳಾಸದಲ್ಲಿ ಅಡ್ಡಗೆರೆ ಇತ್ತು, ಡಿ-ಬಸ್ ಇಂಟರ್‌ಫೇಸ್ ಹೆಸರಿನಲ್ಲಿ ಅಡ್ಡಗೆರೆ ನಡೆಯುವುದಿಲ್ಲ, ಅದಕ್ಕೇ ಅಂಡರ್‌ಸ್ಕೋರ್.

ಇನ್ನು ಟ್ಯಾಬ್_ಎಂಟು ಅವರಿಗೆ. 80 ಒಳ್ಳೆಯದಾ 100 ಒಳ್ಳೆಯದಾ ಅನ್ನುವುದು ಮುಖ್ಯ ಅಲ್ಲ. ಯಾವುದೋ ಒಂದು ಇರಲಿ, ಅದನ್ನು ಮಶೀನ್ ನೋಡಿಕೊಳ್ಳಲಿ. ಹಿಂದೆ ನಾನಿದ್ದ ಒಂದು ಕಡೆ ಪ್ರತಿ ಟೀಮಿಗೂ ಒಂದೊಂದು ಸ್ಟೈಲ್ ಇತ್ತು. ಒಂದೇ ಫೈಲಿನಲ್ಲಿ ಮೂರು ಥರದ ಇಂಡೆಂಟ್. ರಿವ್ಯೂ ಅಂದರೆ ಸ್ಪೇಸ್ ಜಗಳ. ಫ್ಯಾನ್ ನಿಂತಾಗ ಏನಾಗುತ್ತದೆ ಅಂತ ಒಬ್ಬರೂ ಕೇಳುತ್ತಿರಲಿಲ್ಲ. ಸ್ಪೇಸ್ ಕೆಲಸ ಮಶೀನಿಗೆ ಕೊಟ್ಟರೆ ಮನುಷ್ಯರಿಗೆ ಕೇಳಬೇಕಾದ ಪ್ರಶ್ನೆ ಕೇಳಲು ಸಮಯ ಸಿಗುತ್ತದೆ.

ಟ್ಯಾಬ್_ಎಂಟು
ಅದು ಸರಿ ಅಣ್ಣ. ಆದರೆ ಕ್ಲ್ಯಾಂಗ್-ಫಾರ್ಮ್ಯಾಟ್ ಹೊಸ ಆವೃತ್ತಿ ಬಂದಾಗಲೆಲ್ಲ ರೆಪೊ ತುಂಬಾ ಮತ್ತೆ ಫಾರ್ಮ್ಯಾಟ್ ಆದ ಕಮಿಟ್ ಬೀಳುತ್ತದೆ. ಆಮೇಲೆ ಯಾವ ಸಾಲು ಯಾರು ಬರೆದರು ಅಂತ ಗಿಟ್ ಬ್ಲೇಮ್ ಮಾಡಿದರೆ ಅಸಲಿ ಬರೆದವರ ಹೆಸರೇ ಸಿಗಲ್ಲ.

ಬಿಟ್‌ಬೇಕ್_ಭಟ್
ಅದಕ್ಕೆ ಮದ್ದು ಇದೆ. ಅಂಥ ಕಮಿಟ್‌ಗಳನ್ನು ಒಂದು ಫೈಲಿನಲ್ಲಿ ಪಟ್ಟಿ ಮಾಡಿ ಬ್ಲೇಮ್‌ಗೆ ಕೊಟ್ಟರೆ ಅವನ್ನು ಬಿಟ್ಟು ಹಿಂದಿನದನ್ನು ತೋರಿಸುತ್ತದೆ. ಗಿಟ್ 2.23ರಿಂದ ಇದೆ.

ಧಾರವಾಡ_ಪೇಡ
ನೋಡ್ರಿ, ಹನ್ನೊಂದರಲ್ಲಿ ಆರು ಮಶೀನಿಗೆ ಬಿಡುವಂಥವು. ನಾಲ್ಕು ಸ್ಪೇಸ್, ಸೈನ್ಡ್-ಆಫ್ ಒಂದು, ಶೀರ್ಷಿಕೆ ಉದ್ದ ಒಂದು. ಸೈನ್ಡ್-ಆಫ್‌ಗೆ ಗಿಟ್ ಕಮಿಟ್ ಜೊತೆ ಮೈನಸ್ ಎಸ್ ಹಾಕಿದರೆ ಮುಗಿಯಿತು. ಶೀರ್ಷಿಕೆ 50 ಅಕ್ಷರ, ಒಳಗಿನ ಸಾಲು 72. ಎಡಿಟರ್‌ನಲ್ಲಿ ಒಮ್ಮೆ ಗೆರೆ ಹಾಕಿಟ್ಟುಕೊಳ್ಳಿ. ಉಳಿದ ಐದೇ ನಿಜವಾದ ರಿವ್ಯೂ. ಆ ಐದರಲ್ಲಿ ನಾನು ರಿವ್ಯೂ ಮಾಡಿದವರ ಕಡೆ.

ಮುಖ್ಯವಾಗಿ ಲ್ಯಾಂಬ್ಡಾ. ಬಿಎಂಸಿ ಕೋಡ್ ಬಹುಪಾಲು ಅಸಿಂಕ್ರೊನಸ್. ನೀವು ಡಿ-ಬಸ್‌ಗೆ ಒಂದು ಕರೆ ಕಳಿಸುತ್ತೀರಿ, ಫಂಕ್ಷನ್ ಮುಗಿದು ಹೋಗುತ್ತದೆ, ಉತ್ತರ ಆಮೇಲೆ ಬರುತ್ತದೆ. ಅಷ್ಟರಲ್ಲಿ ನೀವು ರೆಫರೆನ್ಸ್ ಮೂಲಕ ಹಿಡಿದ ವೇರಿಯಬಲ್ ಸತ್ತಿರುತ್ತದೆ. ಮೇಜಿನ ಮೇಲೆ ಸಾವಿರ ಸಲ ಓಡಿಸಿ, ಏನೂ ಆಗಲ್ಲ. ಒಂದು ದಿನ ಉತ್ತರ ತಡವಾಗಿ ಬರುತ್ತದೆ, ಪ್ರೋಸೆಸ್ ಕ್ರ್ಯಾಶ್. ಇದರಲ್ಲಿ ನಾನು ಎರಡು ವಾರ ಕಳೆದಿದ್ದೇನೆ. ಕೋರ್ ಡಂಪ್ (ಕ್ರ್ಯಾಶ್ ಆದಾಗಿನ ಮೆಮೊರಿ ನಕಲು) ಪ್ರತಿ ಸಲ ಬೇರೆ ಜಾಗ ತೋರಿಸುತ್ತಿತ್ತು.

ಬಿಎಂಸಿವೆಬ್ (ಓಪನ್‌ಬಿಎಂಸಿಯ ವೆಬ್ ಸರ್ವರ್) ರೆಪೊದಲ್ಲಿ ಸಾಮಾನ್ಯ ತಪ್ಪುಗಳು ಅಂತಲೇ ಒಂದು ಫೈಲ್ ಇದೆ. ಅದರಲ್ಲಿ ಇದೂ ಇದೆ. ನನಗೆ ಗೊತ್ತಿರುವ ಡಾಕ್ಯುಮೆಂಟ್‌ಗಳಲ್ಲಿ ಅದೇ ಅತ್ಯುತ್ತಮ, ಯಾಕಂದರೆ ಪ್ರತಿ ನಿಯಮದ ಪಕ್ಕ ತಪ್ಪು ಕೋಡ್ ತೋರಿಸಿ ಕಾರಣ ಹೇಳುತ್ತದೆ. ಬಳಕೆದಾರರು ಕೊಟ್ಟ ಇನ್‌ಪುಟ್ ತಪ್ಪಿದ್ದರೆ 500 ಎರರ್ (ಸರ್ವರ್ ಒಳಗೇ ತಪ್ಪಾಗಿದೆ ಅನ್ನುವ ಉತ್ತರ) ಕೊಡಬಾರದು, ಯಾವುದೋ ಪ್ರೋಸೆಸ್ಸಿನ ಹೆಸರನ್ನು ನೇರವಾಗಿ ಕೋಡಿನಲ್ಲಿ ಬರೆಯದೆ ಮ್ಯಾಪರ್ (ಡಿ-ಬಸ್‌ನಲ್ಲಿ ಯಾವುದು ಯಾರ ಹತ್ತಿರ ಇದೆ ಅಂತ ಹೇಳುವ ಪ್ರೋಗ್ರಾಂ) ಕೇಳಿ ಹುಡುಕಬೇಕು, ಇಂಥವೆಲ್ಲ.

ಕಾವೇರಿ_ಕೋಡ್
ನಾನು ಟೆಕ್ನಿಕಲ್ ರೈಟರ್. ಪೇಡ ಅವರು ಹೇಳಿದ 'ಕಾರಣ ಹೇಳುತ್ತದೆ' ಅನ್ನುವುದನ್ನು ಹಿಡಿದುಕೊಳ್ಳುತ್ತೇನೆ. ಓಪನ್‌ಬಿಎಂಸಿ ಡಾಕ್ಸ್ ರೆಪೊದಲ್ಲಿ ಆಂಟಿ-ಪ್ಯಾಟರ್ನ್‌ಗಳ (ಮಾಡಬಾರದ ರೂಢಿಗಳ) ಪುಟ ಇದೆ. ಪ್ರತಿಯೊಂದಕ್ಕೂ ನಾಲ್ಕು ಭಾಗ: ಗುರುತಿಸುವುದು ಹೇಗೆ, ಏನು ತೊಂದರೆ, ಇದು ಹೇಗೆ ಬಂತು, ಏನು ಮಾಡಬೇಕು. ಮೂರನೇ ಭಾಗ ನನಗೆ ತುಂಬಾ ಇಷ್ಟ. ತಪ್ಪು ಬರೆದವರು ದಡ್ಡರಲ್ಲ, ಆಗ ಅವರಿಗೆ ಹೀಗೆ ಅನ್ನಿಸಲು ಕಾರಣ ಇತ್ತು ಅಂತ ಅದು ಒಪ್ಪಿಕೊಳ್ಳುತ್ತದೆ.

ಹೊನ್ನಾವರದವರೇ, 'ಬೇಡ' ಅಂದ ಆ ಕೋಡ್ ಕಾಮೆಂಟ್ ಏನಿತ್ತು?

ಹೊನ್ನಾವರ_ಹುಡುಗಿ
'ಎರರ್ ಬಂದರೆ ವಾಪಸ್ ಹೋಗು' ಅಂತ. ಕೆಳಗಿನ ಸಾಲಿನಲ್ಲಿ ರಿಟರ್ನ್.

ಕಾವೇರಿ_ಕೋಡ್
ಹಾಗಾದರೆ ಅದು ಬೇಡ. ಕೋಡ್ ಈಗಾಗಲೇ ಅದನ್ನು ಹೇಳುತ್ತಿದೆ. 'ಈ ಪವರ್ ಸಪ್ಲೈ ಬಸ್‌ನಲ್ಲಿ ಬ್ಯುಸಿ ಇದ್ದಾಗ ಒಂದೆರಡು ಓದು ತಪ್ಪುತ್ತದೆ, ಅದಕ್ಕೆ ಮೊದಲ ತಪ್ಪಿಗೇ ಅಲಾರಂ ಬೇಡ' ಅಂತ ಬರೆದಿದ್ದರೆ ಯಾರೂ ತೆಗೆಯಿರಿ ಅನ್ನುತ್ತಿರಲಿಲ್ಲ. ಹನ್ನೊಂದನೇ ಕಾಮೆಂಟಿಗೂ ಅದೇ ಉತ್ತರ.

ರ‍್ಯಾಕ್_ರಾಯ
ನಾನು ಕೋಡ್ ಬರೆಯುವವನಲ್ಲ, ಡೇಟಾ ಸೆಂಟರ್ ನೋಡಿಕೊಳ್ಳುವವನು. ರಾತ್ರಿ ಎರಡು ಗಂಟೆಗೆ ನೀವು ಬರೆದ ಲಾಗ್ ಓದುವವನು ನಾನು.

ಲಾಗ್ ಮೆಸೇಜ್ ಬಗ್ಗೆ ಬಂದ ಕಾಮೆಂಟನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ರಾತ್ರಿ ನನಗೆ ಸಿಕ್ಕಿದ್ದು 'ಓದಲು ಆಗಲಿಲ್ಲ' ಅನ್ನುವ ಸಾಲು, ನೂರಾರು ಸಲ. ಯಾವುದನ್ನು? ಯಾವ ಪವರ್ ಸಪ್ಲೈ? ಎರರ್ ಸಂಖ್ಯೆ ಎಷ್ಟು? ಒಂದೂ ಇಲ್ಲ. ಎರಡು ಪವರ್ ಸಪ್ಲೈ ಇದ್ದ ಸರ್ವರ್. ಒಂದನ್ನು ಎಳೆದು ನೋಡಬೇಕು, ಆದರೆ ಕೆಟ್ಟಿದ್ದು ಯಾವುದು ಅಂತ ಗೊತ್ತಿಲ್ಲ. ಸರಿಯಿರುವುದನ್ನು ಎಳೆದರೆ ಸರ್ವರ್ ಬೀಳುತ್ತದೆ. ಬೆಳಗಿನವರೆಗೆ ಕಾದು ಗ್ರಾಹಕರ ಒಪ್ಪಿಗೆ ತಗೊಂಡು ಎಳೆದೆವು.

ಇನ್ನೊಂದು ಕೇಳಬೇಕು. ಓದು ತಪ್ಪಿದರೆ ಆ ಸುತ್ತು ಬಿಟ್ಟುಬಿಡುತ್ತೀನಿ ಅಂದಿರಲ್ಲ, ನಾನು ಪವರ್ ಕೇಬಲ್ಲನ್ನೇ ಎಳೆದರೆ ನಿಮ್ಮ ಕೋಡ್ ಏನು ತೋರಿಸುತ್ತದೆ?

ಹೊನ್ನಾವರ_ಹುಡುಗಿ
ಎಳೆದು ನೋಡಿಲ್ಲ. ಸೋಮವಾರ ಲ್ಯಾಬ್‌ನಲ್ಲಿ ನೋಡಿ ಹೇಳುತ್ತೇನೆ.

ಬಿಟ್‌ಬೇಕ್_ಭಟ್
ಲಾಗ್ ವಿಷಯಕ್ಕೆ: ಎಲ್‌ಜಿ2 (ಓಪನ್‌ಬಿಎಂಸಿಯ ಲಾಗ್ ಲೈಬ್ರರಿ) ಬಳಸಿ. ಮೆಸೇಜಿನೊಳಗೆ ಹೂಬ್ರಾಕೆಟ್‌ನಲ್ಲಿ ಕೀ ಹೆಸರು, ಆಮೇಲೆ ಕೀ ಮತ್ತು ಬೆಲೆ ಜೋಡಿಯಾಗಿ. ಅದು ಜರ್ನಲ್‌ಗೆ (ಸಿಸ್ಟಂ ಲಾಗ್) ಬೇರೆ ಬೇರೆ ಫೀಲ್ಡ್ ಆಗಿ ಹೋಗುತ್ತದೆ, ರಾಯರು 'ಈ ಪವರ್ ಸಪ್ಲೈಯದ್ದು ಮಾತ್ರ ಕೊಡು' ಅಂತ ಜರ್ನಲ್‌ಸಿಟಿಎಲ್‌ಗೆ ಹೇಳಬಹುದು. ಮೆಸೇಜಿನ ಒಳಗೇ 'ಹೆಸರು ಸಮ ಬೆಲೆ' ಅಂತ ಗೀಚಬೇಡಿ. ಅದು ಆಂಟಿ-ಪ್ಯಾಟರ್ನ್ ಪುಟದಲ್ಲೇ ಇದೆ. ಮನುಷ್ಯರು ಓದುವ ವಾಕ್ಯ ಬರೆಯಿರಿ, ಡೇಟಾ ಕೀಗಳಲ್ಲಿ ಇರಲಿ.

ಮ್ಯೂನಿಕ್_ಕನ್ನಡಿಗ
ನಾನು ಸ್ವಲ್ಪ ವಿರುದ್ಧ ಹೇಳುತ್ತೇನೆ. ನೀವೆಲ್ಲ ಹಳಬರು, ನಿಮಗೆ ಯಾವುದು ಎಲ್ಲಿದೆ ಗೊತ್ತು. ಹೊಸಬರ ಕಣ್ಣಿಂದ ನೋಡಿ. ಕೊಡುಗೆ ನೀಡುವವರ ಒಪ್ಪಂದಕ್ಕೆ ಸಹಿ ಹಾಕಬೇಕು, ಕಂಪನಿಯವರಾದರೆ ಕಂಪನಿಯೂ ಹಾಕಬೇಕು. ಅದಕ್ಕೆ ಲೀಗಲ್ ಟೀಮ್ ಹಿಂದೆ ಅಲೆಯಬೇಕು. ಗಿಟ್‌ಹಬ್‌ನಲ್ಲಿ ಕೋಡ್ ಕಾಣುತ್ತದೆ, ಆದರೆ ಪುಲ್ ರಿಕ್ವೆಸ್ಟ್ ಕಳಿಸುವಂತಿಲ್ಲ, ಗೆರಿಟ್ ಅನ್ನುವ ರಿವ್ಯೂ ಸೈಟಿಗೇ ಕಳಿಸಬೇಕು. ಕಮಿಟ್‌ಗೆ ಗುರುತು ಸೇರಿಸುವ ಚೇಂಜ್-ಐಡಿ ಹುಕ್ ಹಾಕಿಕೊಳ್ಳಬೇಕು. ಅನುಮತಿ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಜೆಂಕಿನ್ಸ್ (ತಾನಾಗೇ ಬಿಲ್ಡ್ ಮಾಡಿ ಪರೀಕ್ಷಿಸುವ ಸರ್ವರ್) ಬಿಲ್ಡೇ ಓಡಿಸಲ್ಲ, ಯಾರಾದರೂ ಪರವಾಗಿಲ್ಲ ಅಂದಮೇಲೆ ಓಡುತ್ತದೆ. ಪ್ರತಿಯೊಂದಕ್ಕೂ ಕಾರಣ ಇದೆ, ಒಪ್ಪುತ್ತೇನೆ. ಒಟ್ಟಿಗೆ ಸೇರಿದಾಗ ಮಾತ್ರ ಆರು ಸಾಲಿನ ಪ್ಯಾಚ್ ಕಳಿಸುವವರು ಅರ್ಧಕ್ಕೇ ಬಿಟ್ಟು ಹೋಗುತ್ತಾರೆ.

ಹಳೇ_ಐಪಿಎಂಐ
ಮ್ಯೂನಿಕ್‌ನವರೇ, ನಿಮ್ಮ ಮಾತಿನಲ್ಲಿ ಹುರುಳಿದೆ. ಒಂದನ್ನು ಮಾತ್ರ ಮರೆಯಬಾರದು. ಇದು ಮೊಬೈಲ್ ಆಪ್ ಅಲ್ಲ. ಬಿಎಂಸಿ ಕೈಗೆ ಸಿಕ್ಕರೆ ಇಡೀ ಸರ್ವರ್ ಕೈಗೆ ಸಿಕ್ಕ ಹಾಗೆ. ಯಾರು ಬರೆದರು, ಯಾಕೆ ಬರೆದರು, ಹೇಗೆ ಪರೀಕ್ಷೆ ಮಾಡಿದರು ಅನ್ನುವುದು ಹತ್ತು ವರ್ಷ ಆದಮೇಲೂ ಸಿಗಬೇಕು. ಗುರುತು ಇಲ್ಲದವರ ಕೋಡನ್ನು ಬಿಲ್ಡ್ ಮಶೀನಿನಲ್ಲಿ ಹಾಗೇ ಓಡಿಸಲು ಆಗುತ್ತಾ?

ಮತ್ತೆ ಇದು ಒಂದೇ ಕಂಪನಿಯ ಪ್ರಾಜೆಕ್ಟ್ ಅಲ್ಲ. 2014ರಲ್ಲಿ ಫೇಸ್‌ಬುಕ್‌ನ ಹ್ಯಾಕಥಾನ್‌ನಲ್ಲಿ ನಾಲ್ವರು ಶುರು ಮಾಡಿದ್ದು. 2018ರಲ್ಲಿ ಲಿನಕ್ಸ್ ಫೌಂಡೇಶನ್ ಕೆಳಗೆ ಬಂತು. ಈಗ ಪೈಪೋಟಿಯ ಕಂಪನಿಗಳವರೇ ಒಬ್ಬರ ಕೋಡ್ ಇನ್ನೊಬ್ಬರು ಓದುತ್ತಾರೆ. ಪಕ್ಕದ ಮೇಜಿಗೆ ಹೋಗಿ 'ಇದು ಯಾಕಪ್ಪ ಹೀಗೆ' ಅಂತ ಕೇಳಲು ಆಗಲ್ಲ. ಬರೆದಿಟ್ಟಿದ್ದೇ ಗತಿ.

ಧಾರವಾಡ_ಪೇಡ
ಒಂದು ತಿದ್ದುಪಡಿ ಅಣ್ಣಾರೆ. ಫೇಸ್‌ಬುಕ್‌ನವರದ್ದು ಬೇರೆಯೇ ರೆಪೊ, ಹೆಸರು ಮಾತ್ರ ಒಂದೇ. ಫೌಂಡೇಶನ್ ಕೆಳಗಿರುವ ಕೋಡ್ ಬಹುಪಾಲು 2015ರಲ್ಲಿ ಐಬಿಎಂ ರ‍್ಯಾಕ್‌ಸ್ಪೇಸ್ ಜೊತೆ ಓಪನ್‌ಪವರ್ ಸರ್ವರ್‌ಗೆ ಮಾಡಿದ ಕೆಲಸದಿಂದ ಬೆಳೆದದ್ದು. 2018ರಲ್ಲಿ ಮೈಕ್ರೋಸಾಫ್ಟ್, ಇಂಟೆಲ್, ಐಬಿಎಂ, ಗೂಗಲ್, ಫೇಸ್‌ಬುಕ್ ಐದೂ ಸೇರಿದವು. ಹೊಸಬರು ಎರಡೂ ರೆಪೊ ಕಲಸಿಕೊಂಡು, ಒಂದರ ಡಾಕ್ಸ್ ಓದಿ ಇನ್ನೊಂದರಲ್ಲಿ ಹುಡುಕುತ್ತಾರೆ. ಅದಕ್ಕೇ ಹೇಳಿದೆ.

ಹಳೇ_ಐಪಿಎಂಐ
ಸರಿಯಾಗಿ ಹೇಳಿದಿರಿ, ನಾನು ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿಬಿಟ್ಟೆ.

ಮೂರನೇ_ವರ್ಷ_ಇಸಿ
ನನ್ನ ಹತ್ತಿರ ಸರ್ವರ್ ಬೋರ್ಡ್ ಇಲ್ಲ. ಆದರೂ ಕಲಿಯಬಹುದಾ?

ಬಿಟ್‌ಬೇಕ್_ಭಟ್
ಖಂಡಿತ. ಕ್ಯೂಎಂಯು (ಬೋರ್ಡನ್ನು ಅನುಕರಿಸುವ ಸಾಫ್ಟ್‌ವೇರ್) ಸಾಕು. ರೊಮ್ಯುಲಸ್ ಅನ್ನುವ ಮಶೀನ್ ಸೆಟಪ್ ಮಾಡಿ, ಬಿಟ್‌ಬೇಕ್ ಅನ್ನುವ ಬಿಲ್ಡ್ ಟೂಲ್‌ಗೆ ಒಎಂಬಿಸಿ-ಫಾಸ್ಫರ್-ಇಮೇಜ್ ಕೊಡಿ. ಮೊದಲ ಬಿಲ್ಡ್ ಗಂಟೆಗಟ್ಟಲೆ ಹಿಡಿಯುತ್ತದೆ, ಡಿಸ್ಕ್ ಜಾಗ ಜಾಸ್ತಿ ಬೇಕು, ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಹೆದರಬೇಡ. ಎರಡನೇ ಸಲ ಬೇಗ ಆಗುತ್ತದೆ. ಲಾಗಿನ್ ರೂಟ್. ಪಾಸ್‌ವರ್ಡ್ ಓಪನ್‌ಬಿಎಂಸಿ, ಆದರೆ ಮೊದಲ ಅಕ್ಷರ ಇಂಗ್ಲಿಷಿನ ಓ ಅಲ್ಲ, ಸೊನ್ನೆ. ಬಿ ಮಾತ್ರ ದೊಡ್ಡ ಅಕ್ಷರ, ಉಳಿದದ್ದು ಸಣ್ಣವು.

ತಿದ್ದುಪಡಿ, ಬಿಟ್‌ಬೇಕ್_ಭಟ್: ಇಮೇಜ್ ಹೆಸರಿನ ಮೊದಲ ಭಾಗ ಒಬಿಎಂಸಿ. ಒಎಂಬಿಸಿ ಅಂತ ತಪ್ಪಾಗಿ ಟೈಪ್ ಆಗಿದೆ.

ಮೂರನೇ_ವರ್ಷ_ಇಸಿ
ತುಂಬಾ ಥ್ಯಾಂಕ್ಸ್ ಸರ್. ಇದನ್ನೆಲ್ಲ ಯಾರಾದರೂ ಕನ್ನಡದಲ್ಲಿ ಒಂದು ಪುಟ ಬರೆದರೆ ನಮ್ಮ ಕಾಲೇಜಿನವರಿಗೆ ತುಂಬಾ ಅನುಕೂಲ. ಇಂಗ್ಲಿಷ್ ಓದಬಲ್ಲೆವು, ಆದರೆ ವಿಷಯವೂ ಹೊಸದು, ಭಾಷೆಯೂ ಭಾರ ಅಂದರೆ ಮೂರನೇ ಪುಟಕ್ಕೆ ಸುಸ್ತು.

ಕಾವೇರಿ_ಕೋಡ್
ನಾನು ಬರೆಯಲು ತಯಾರು. ಒಂದೇ ಷರತ್ತು: ಸಂವೇದಕ, ಗಣಕ ಪರಿಚಾರಕ ಇಂಥ ಪದ ಹಾಕಿ ಎಂದು ಯಾರೂ ಒತ್ತಾಯ ಮಾಡಬಾರದು. ಸೆನ್ಸರ್ ಸೆನ್ಸರ್ ಆಗಿಯೇ ಇರಲಿ.

ಮ್ಯೂನಿಕ್_ಕನ್ನಡಿಗ
ಸಂವೇದಕ ಒಳ್ಳೆಯ ಪದ ಕಣ್ರೀ. ನಮ್ಮ ಶಾಲೆ ಪುಸ್ತಕದಲ್ಲಿ ಇತ್ತು.

ಕಾವೇರಿ_ಕೋಡ್
ಪದ ಚೆನ್ನಾಗಿಲ್ಲ ಅನ್ನುತ್ತಿಲ್ಲ. ಆದರೆ ಈ ಹುಡುಗ ನನ್ನ ಪುಟ ಓದಿ ಕೋಡ್ ತೆರೆದರೆ ಅಲ್ಲಿ ಕಾಣುವುದು ಸೆನ್ಸರ್. ಎರಡಕ್ಕೂ ಹೊಂದಿಕೆ ಇದ್ದರೆ ಅವನಿಗೆ ಒಂದು ತಲೆನೋವು ಕಡಿಮೆ. ಡಾಕ್ಯುಮೆಂಟಿನಲ್ಲಿ ಹೆಸರು ಬದಲಾಗಬಾರದು ಅನ್ನುವುದು ಇಂಗ್ಲಿಷಿಗೂ ಇರುವ ನಿಯಮ. ಒಂದು ಕಡೆ ಥ್ರೆಶೋಲ್ಡ್, ಇನ್ನೊಂದು ಕಡೆ ಲಿಮಿಟ್ ಅಂತ ಬರೆದರೆ ಓದುವವರು ಎರಡೂ ಬೇರೆ ಅಂದುಕೊಳ್ಳುತ್ತಾರೆ.

ಟ್ಯಾಬ್_ಎಂಟು
ಕನ್ನಡ ಪುಟ ಒಳ್ಳೆಯ ಯೋಚನೆ, ಆದರೆ ಅದು ಹಳೆಯದಾದಾಗ ಯಾರು ಸರಿಮಾಡುತ್ತಾರೆ? ಡಾಕ್ಯುಮೆಂಟ್ ಬರೆಯುವುದು ಸುಲಭ, ಸಾಕುವುದು ಕಷ್ಟ.

ನಮ್ಮ ಕಂಪನಿಯ ಒಳಗಿನ ವಿಕಿಯಲ್ಲಿ ಆಗಿದ್ದು ಹೇಳುತ್ತೇನೆ. ಓಪನ್‌ಬಿಎಂಸಿಯಲ್ಲಿ ಹಿಂದೆ ಸೆನ್ಸರ್ ಬೆಲೆ ಪೂರ್ಣಾಂಕವಾಗಿತ್ತು, ಜೊತೆಗೆ ಸ್ಕೇಲ್ ಅಂತ ಇನ್ನೊಂದು ಪ್ರಾಪರ್ಟಿ. ಬೆಲೆ 35000, ಸ್ಕೇಲ್ ಮೈನಸ್ 3 ಅಂದರೆ 35 ಡಿಗ್ರಿ. ಆಮೇಲೆ ಅದು ನೇರವಾಗಿ ಡಬಲ್ (ದಶಾಂಶ ಸಂಖ್ಯೆಯ ಬಗೆ) ಆಯಿತು, ಸ್ಕೇಲ್ ಹೋಯಿತು. ನಮ್ಮ ವಿಕಿ ಮಾತ್ರ ಸ್ಕೇಲ್ ಓದಿ ಅಂತಲೇ ಹೇಳುತ್ತಿತ್ತು. ಹೊಸದಾಗಿ ಬಂದವನೊಬ್ಬ ಅದನ್ನು ನಂಬಿ ಮೂರು ದಿನ ಇಲ್ಲದ ಪ್ರಾಪರ್ಟಿ ಹುಡುಕಿದ. ಡಾಕ್ಯುಮೆಂಟ್ ಇಲ್ಲದಿದ್ದರೆ ಅವನು ಕೋಡ್ ಓದುತ್ತಿದ್ದ, ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು.

ಕರ್ನಲ್‌ನಲ್ಲಿ ಡಿವೈಸ್ ಟ್ರೀ ಬೈಂಡಿಂಗ್‌ಗಳೂ (ಬೋರ್ಡಿನ ಹಾರ್ಡ್‌ವೇರ್ ವಿವರ ಹೇಗೆ ಬರೆಯಬೇಕು ಅನ್ನುವ ನಿಯಮ) ಮೊದಲು ಸುಮ್ನೆ ಟೆಕ್ಸ್ಟ್ ಫೈಲ್. ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಈಗ ಅವನ್ನು ಯಾಮಲ್ ಸ್ಕೀಮಾ (ಮಶೀನ್ ಪರೀಕ್ಷಿಸಬಲ್ಲ ನಮೂನೆ) ಆಗಿ ಬರೆಯುತ್ತಾರೆ. ನಿಮ್ಮ ಡಿವೈಸ್ ಟ್ರೀ ಅದಕ್ಕೆ ಹೊಂದದಿದ್ದರೆ ಚೆಕ್ ಮಾಡುವಾಗಲೇ ಬೈಯುತ್ತದೆ. ಸುಳ್ಳು ಹೇಳಿದರೆ ಸಿಕ್ಕಿಬೀಳುವ ಡಾಕ್ಯುಮೆಂಟ್ ಮಾತ್ರ ನನಗೆ ನಂಬಿಕೆ.

ಧಾರವಾಡ_ಪೇಡ
ಓಪನ್‌ಬಿಎಂಸಿಯಲ್ಲೂ ಅದೇ ಥರದ್ದು ಇದೆಯಲ್ಲ. ಫಾಸ್ಫರ್-ಡಿಬಸ್-ಇಂಟರ್‌ಫೇಸಸ್. ಪ್ರತಿ ಇಂಟರ್‌ಫೇಸ್ ಒಂದು ಯಾಮಲ್ ಫೈಲ್. ಅದರಿಂದಲೇ ಸಿ++ ಕೋಡ್ ತಯಾರಾಗುತ್ತದೆ. ಪ್ರಾಪರ್ಟಿ ಹೆಸರು, ಅದರ ಬಗೆ ತಪ್ಪಾಗಲು ಸಾಧ್ಯವೇ ಇಲ್ಲ, ಯಾಕಂದರೆ ಕೋಡ್ ಹುಟ್ಟಿದ್ದೇ ಅಲ್ಲಿಂದ.

ಕಾವೇರಿ_ಕೋಡ್
ಹೆಸರು ತಪ್ಪಾಗಲ್ಲ, ಅರ್ಥ ತಪ್ಪಾಗಬಹುದು. ಅದೇ ಯಾಮಲ್‌ನಲ್ಲಿ ವಿವರಣೆಗೆ ಜಾಗ ಇದೆ. ವ್ಯಾಲ್ಯೂ ಅನ್ನುವ ಪ್ರಾಪರ್ಟಿಗೆ 'ಇದು ವ್ಯಾಲ್ಯೂ' ಅಂತ ಬರೆದರೂ ಕೋಡ್ ಬಿಲ್ಡ್ ಆಗುತ್ತದೆ. ಯಾವ ಏಕಮಾನ, ಗೊತ್ತಿಲ್ಲದಾಗ ಏನು ಇರುತ್ತದೆ, ಯಾರು ಬದಲಿಸಬಹುದು, ಈ ಮೂರನ್ನು ಯಾವ ಕಂಪೈಲರ್ ಕೇಳುತ್ತದೆ ಹೇಳಿ? ಅದನ್ನು ಮನುಷ್ಯರೇ ಬರೆಯಬೇಕು, ಮನುಷ್ಯರೇ ರಿವ್ಯೂ ಮಾಡಬೇಕು.

ಹಳೇ_ಐಪಿಎಂಐ
ಏಕಮಾನ ಅಂದಕೂಡಲೇ ಬರೆಯಲೇಬೇಕು ಅನ್ನಿಸಿತು. ಲಿನಕ್ಸ್‌ನ ಹಾರ್ಡ್‌ವೇರ್ ಮಾನಿಟರ್ ಫೈಲ್‌ಗಳಲ್ಲಿ ಬಿಸಿ ಬರುವುದು ಮಿಲಿಡಿಗ್ರಿಯಲ್ಲಿ. ವೋಲ್ಟೇಜ್ ಮಿಲಿವೋಲ್ಟ್, ಕರೆಂಟ್ ಮಿಲಿಆಂಪ್. ಹಾಗಾಗಿ ಪವರ್ ಕೂಡ ಮಿಲಿವಾಟ್ ಇರಬೇಕು ಅಂದುಕೊಳ್ಳುತ್ತೀರಿ. ಅಲ್ಲ, ಅದು ಮೈಕ್ರೋವಾಟ್. ಫ್ಯಾನ್ ವೇಗ ಯಾವ ಗುಣಕವೂ ಇಲ್ಲದೆ ನೇರ ಆರ್‌ಪಿಎಂ. ಇದು ಕರ್ನಲ್ ಡಾಕ್ಸ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. ಆದರೂ ನಾನು ರಿವ್ಯೂ ಮಾಡಿದ ಪ್ಯಾಚ್‌ಗಳಲ್ಲಿ ಪವರನ್ನು ಸಾವಿರದಿಂದ ಭಾಗಿಸಿದವು ಎಷ್ಟೋ.

ಐಪಿಎಂಐ (ಸರ್ವರ್ ನಿರ್ವಹಣೆಯ ಹಳೇ ಮಾನದಂಡ) ಕಾಲದಲ್ಲಿ ಇನ್ನೂ ಕಷ್ಟ ಇತ್ತು. 1998ರಲ್ಲಿ ಇಂಟೆಲ್, ಎಚ್‌ಪಿ, ಎನ್‌ಇಸಿ, ಡೆಲ್ ಸೇರಿ ತಂದ ಸ್ಪೆಕ್ ಅದು. ಸೆನ್ಸರ್ ಬೆಲೆಗೆ ಒಂದೇ ಬೈಟ್. ಅಂದರೆ 256 ಹಂತ ಅಷ್ಟೇ. ಅದನ್ನು ಒಂದು ಗುಣಕ, ಒಂದು ಆಫ್‌ಸೆಟ್, ಎರಡು ಘಾತ ಹಾಕಿ ನಿಜವಾದ ಸಂಖ್ಯೆ ಮಾಡಬೇಕು. ಗುಣಕ 4 ಅಂದರೆ ಪವರ್ ನಾಲ್ಕು ನಾಲ್ಕು ವಾಟ್ ನೆಗೆಯುತ್ತದೆ. ಯಾಕೆ ನೆಗೆಯುತ್ತದೆ ಅಂತ ಗ್ರಾಹಕರು ಕೇಳಿದರೆ ಉತ್ತರ ಯಾರೋ ಬಿಟ್ಟುಹೋದ ಎಕ್ಸೆಲ್ ಶೀಟಿನಲ್ಲಿ. 2015ರಲ್ಲಿ ಅದೇ ಕೆಲಸಕ್ಕೆ ರೆಡ್‌ಫಿಶ್ ಅನ್ನುವ ಹೊಸ ಮಾನದಂಡ ಬಂದಮೇಲೆ ಜೇಸನ್‌ನಲ್ಲಿ ಸಂಖ್ಯೆ ನೇರವಾಗಿ ಕಾಣುತ್ತದೆ. ನಿಮಗೆಲ್ಲ ಅದು ಸಹಜ ಅನ್ನಿಸಬಹುದು, ನನಗೆ ಇವತ್ತಿಗೂ ಖುಷಿ.

ರ‍್ಯಾಕ್_ರಾಯ
ಆ ನಾಲ್ಕು ವಾಟ್ ನೆಗೆತ! ನಮ್ಮಲ್ಲಿ ಅದಕ್ಕೇ ಒಂದು ಟಿಕೆಟ್ ಆರು ತಿಂಗಳು ತೆರೆದಿತ್ತು.

ಹೊನ್ನಾವರ_ಹುಡುಗಿ
ಸೋಮವಾರದ ವರದಿ. ರಾಯರು ಹೇಳಿದ ಹಾಗೆ ಕೇಬಲ್ ಎಳೆದೆ.

ಎಳೆಯುವ ಮೊದಲು 412 ವಾಟ್. ಎಳೆದಮೇಲೂ 412 ವಾಟ್. ಐದು ನಿಮಿಷ ಕಾದೆ, 412. ಓದು ತಪ್ಪುತ್ತಿತ್ತು, ನನ್ನ ಕೋಡ್ ಪ್ರತಿ ಸುತ್ತೂ ಬಿಟ್ಟು ಬರುತ್ತಿತ್ತು, ಹಳೇ ಬೆಲೆ ಹಾಗೇ ಕೂತಿತ್ತು. ಸುಳ್ಳು ಅಲಾರಂ ನಿಲ್ಲಿಸಲು ಹೋಗಿ ನಿಜವಾದ ಅಲಾರಂ ಕೂಡ ನಿಲ್ಲಿಸಿದ್ದೆ. ಇದು ಮರ್ಜ್ ಆಗಿ ಯಾವುದೋ ಡೇಟಾ ಸೆಂಟರ್‌ಗೆ ಹೋಗಿದ್ದರೆ ಅಂತ ಯೋಚಿಸಿ ಆ ಮಧ್ಯಾಹ್ನ ಊಟ ಸೇರಲಿಲ್ಲ.

ಹೊಸ ಪ್ಯಾಚ್‌ನಲ್ಲಿ ಒಂದೆರಡು ತಪ್ಪಿದರೆ ಬಿಡುತ್ತದೆ, ಸತತವಾಗಿ ತಪ್ಪಿದರೆ ಬೆಲೆಯನ್ನು ನ್ಯಾನ್ (ಸಂಖ್ಯೆ ಅಲ್ಲ ಅನ್ನುವ ಗುರುತು) ಮಾಡುತ್ತದೆ. ರೆಡ್‌ಫಿಶ್‌ನಲ್ಲಿ ಅದು ನಲ್ (ಖಾಲಿ) ಆಗಿ ಕಾಣುತ್ತದೆ. 'ಟೆಸ್ಟೆಡ್' ಭಾಗಕ್ಕೆ ಹೀಗೆ ಬರೆದೆ: ಯಾವ ಬೋರ್ಡ್, ಕೇಬಲ್ ಇದ್ದಾಗ ರೆಡ್‌ಫಿಶ್ ಕೊಟ್ಟ ಉತ್ತರ, ಎಳೆದಮೇಲೆ ಕೊಟ್ಟ ಉತ್ತರ, ಮತ್ತೆ ಹಾಕಿದಮೇಲೆ ಎಷ್ಟು ಹೊತ್ತಿಗೆ ಸಂಖ್ಯೆ ವಾಪಸ್ ಬಂತು. ಒಟ್ಟು ಎಂಟು ಸಾಲು. ಕೋಡಿಗಿಂತ ಇದನ್ನೇ ಹೆಚ್ಚು ಹೊತ್ತು ಬರೆದೆ.

ರ‍್ಯಾಕ್_ರಾಯ
ಎಳೆದು ನೋಡಿದ್ದಕ್ಕೆ ಧನ್ಯವಾದ ತಂಗಿ. ಸತತವಾಗಿ ಅಂದರೆ ಎಷ್ಟು ಸಲ? ಆ ಸಂಖ್ಯೆ ಎಲ್ಲಾದರೂ ಬರೆದಿದ್ದೀರಾ?

ಹೊನ್ನಾವರ_ಹುಡುಗಿ
ಕೋಡಿನಲ್ಲಿ 3 ಅಂತ ಇದೆ. ಯಾಕೆ 3 ಅಂತ ಬರೆದಿಲ್ಲ.

ಕಾವೇರಿ_ಕೋಡ್
ಅದೇ ನೀವು ಬರೆಯಬೇಕಾದ ಕಾಮೆಂಟ್.

ಮ್ಯೂನಿಕ್_ಕನ್ನಡಿಗ
ಇಲ್ಲಿ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ಟೆಸ್ಟೆಡ್ ನಿಯಮ ಇರಲಿ. ಆದರೆ ನನ್ನ ಮಾತೂ ಹಾಗೇ ಇದೆ: ಇವರಿಗೆ ಕೇಬಲ್ ಎಳೆಯಿರಿ ಅಂತ ಹೇಳಿದ್ದು ನಿಯಮದ ಪುಟ ಅಲ್ಲ, ರಾಯರು. ಹನ್ನೊಂದರಲ್ಲಿ ಆರು ಕಾಮೆಂಟ್ ಮಶೀನ್ ಹೇಳಬಹುದಾಗಿದ್ದು ಅಂದಮೇಲೆ ಮನುಷ್ಯರು ಅದನ್ನು ಟೈಪ್ ಮಾಡುತ್ತಾ ಕೂರಬಾರದು.

ಹಳೇ_ಐಪಿಎಂಐ
ಒಪ್ಪಿದೆ. ನಾನು ರಿವ್ಯೂ ಮಾಡುವಾಗ ಇನ್ನುಮೇಲೆ ಮೊದಲ ಕಾಮೆಂಟೇ 'ಇದು ಕೆಟ್ಟಾಗ ಏನಾಗುತ್ತದೆ' ಅಂತ ಹಾಕುತ್ತೇನೆ. ಸ್ಪೇಸ್ ಬಗ್ಗೆ ಜೆಂಕಿನ್ಸ್ ಹೇಳಲಿ.

ಹೊನ್ನಾವರದವರೇ, ಓದು ತಪ್ಪಿದಾಗ ಏನು ತೋರಿಸಬೇಕು ಅನ್ನುವುದು ಎಲ್ಲೂ ಸಿಗಲಿಲ್ಲ ಅಂದಿರಲ್ಲ. ಈಗ ನಿಮಗೆ ಗೊತ್ತಾಯಿತು. ಸೆನ್ಸರ್ ಇಂಟರ್‌ಫೇಸಿನ ಯಾಮಲ್ ತೆರೆದು ವಿವರಣೆ ಸಾಲದು ಅನ್ನಿಸಿದರೆ ಅದಕ್ಕೂ ಒಂದು ಪ್ಯಾಚ್ ಕಳಿಸಿ. ಸಣ್ಣದಾದ್ದರಿಂದ ಡಿಸೈನ್ ಡಾಕ್ಯುಮೆಂಟ್ ಬೇಕಾಗಲ್ಲ. ಹೊಸ ಇಂಟರ್‌ಫೇಸೇ ತರುವುದಾದರೆ ಮಾತ್ರ ಆ ನಮೂನೆ ತುಂಬಿ. ಅದರಲ್ಲಿ 'ಬೇರೆ ಯಾವ ದಾರಿ ಯೋಚಿಸಿದಿರಿ' ಅನ್ನುವ ಭಾಗವನ್ನು ಖಾಲಿ ಬಿಡಬೇಡಿ. ನಾಲ್ಕು ವರ್ಷ ಆದಮೇಲೆ ಜನ ಹುಡುಕಿಕೊಂಡು ಬರುವುದು ಅದನ್ನೇ.

ಹೊನ್ನಾವರ_ಹುಡುಗಿ
ಯಾಮಲ್ ತೆರೆದೆ ಸರ್, ಎರಡು ವಾಕ್ಯ ಸೇರಿಸಿದ್ದೇನೆ. ಈ ಸಲ ಫಾರ್ಮ್ಯಾಟ್ ಸ್ಕ್ರಿಪ್ಟ್ ಓಡಿಸಿ, ಮೈನಸ್ ಎಸ್ ಹಾಕಿ, ಶೀರ್ಷಿಕೆ ಎಣಿಸಿ ಕಳಿಸಿದೆ. 47 ಅಕ್ಷರ.

ಮೂರನೇ_ವರ್ಷ_ಇಸಿ
ಭಟ್ ಸರ್, ಬಿಲ್ಡ್ ಮುಗಿಯಿತು, ರಾತ್ರಿಯಿಡೀ ಓಡಿತು! ಕ್ಯೂಎಂಯು ಬೂಟ್ ಆಗಿ ಲಾಗಿನ್ ಕೇಳುತ್ತಿದೆ. ಸೊನ್ನೆ ಹಾಕಿದೆ, ಒಳಗೆ ಬಂದೆ. ಈಗ ಸೆನ್ಸರ್ ಪಟ್ಟಿ ನೋಡಲು ಏನು ಕೊಡಬೇಕು?

ಬಿಟ್‌ಬೇಕ್_ಭಟ್
ಬಸ್‌ಸಿಟಿಎಲ್ ಟ್ರೀ ಅಂತ ಕೊಡು. ಉದ್ದ ಪಟ್ಟಿ ಬರುತ್ತದೆ, ಅದರಲ್ಲಿ ಸೆನ್ಸರ್ಸ್ ಅನ್ನುವ ಕಡೆ ಹುಡುಕು. ಕ್ಯೂಎಂಯುನಲ್ಲಿ ನಿಜವಾದ ಫ್ಯಾನ್ ಇಲ್ಲ, ಹಾಗಾಗಿ ಕೆಲವು ಕಾಣದಿದ್ದರೆ ಗಾಬರಿ ಬೇಡ. ಏನು ಬಂತು ಇಲ್ಲೇ ಹಾಕು, ನೋಡೋಣ.